ಹಳೆಯ ಯಂತ್ರ, ಹೊಸ ಹರೆಯ
(ಎಸ್.ಪಿ. ರಸ್ತೆಯಲ್ಲಿ ಒಂದು ಶನಿವಾರ)

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಒಂದೊಂದು ಬೀದಿಗೂ ಒಂದೊಂದು ಕಸುಬು. 1537ರಲ್ಲಿ ಕೆಂಪೇಗೌಡರು ನೇಗಿಲು ಹೂಡಿಸಿ ನಾಲ್ಕು ದಿಕ್ಕಿಗೂ ಗೆರೆ ಎಳೆಸಿದರೆಂದು ಜನ ಹೇಳುವ ದೊಡ್ಡಪೇಟೆ ಚಿಕ್ಕಪೇಟೆಗಳ ಕೂಡುಬೀದಿಯ ಸುತ್ತ, ಅಕ್ಕಿ ಮಾರುವವರಿಗೆ ಅಕ್ಕಿಪೇಟೆ, ರಾಗಿಯವರಿಗೆ ರಾಗಿಪೇಟೆ, ಹತ್ತಿಯವರಿಗೆ ಅರಳೇಪೇಟೆ, ಮಡಕೆ ಮಾಡುವವರಿಗೆ ಕುಂಬಾರಪೇಟೆ, ಗಾಣದವರಿಗೆ ಗಾಣಿಗರಪೇಟೆ ಎಂದು ಊರು ಹರಡಿಕೊಂಡಿತು. ಕಾಲ ಕಳೆದಂತೆ ಗಾಣಗಳು ನಿಂತವು, ಕುಂಬಾರನ ತಿಗರಿ ಬೇರೆ ಊರು ಸೇರಿತು. ಹೆಸರುಗಳು ಮಾತ್ರ ಗೋಡೆಯ ಫಲಕಗಳಲ್ಲಿ ಉಳಿದವು. ಆದರೆ ಒಂದು ಕಸುಬಿನವರೆಲ್ಲ ಒಂದೇ ಬೀದಿಯಲ್ಲಿ ಬೀಡುಬಿಡುವ ಹಳೆಯ ಪದ್ಧತಿ ಅಳಿಯಲಿಲ್ಲ. ಈಚಿನ ಕಾಲದಲ್ಲಿ ಈ ವಂಶಕ್ಕೆ ಸೇರಿದ, ಆದರೆ ಪೇಟೆಯೆಂಬ ಹೆಸರನ್ನು ಪಡೆಯದ ಒಂದು ಪೇಟೆಯುಂಟು. ಕಾಗದಪತ್ರಗಳಲ್ಲಿ ಅದು ಸಾದರ್ ಪತ್ರಪ್ಪ ರಸ್ತೆ. ಜನರ ಬಾಯಲ್ಲಿ ಎಸ್.ಪಿ. ರೋಡು. ಅಲ್ಲಿ ಮಾರುವ ಧಾನ್ಯವೆಂದರೆ ವಿದ್ಯುತ್ತಿನ ಧಾನ್ಯ: ತಂತಿ, ಚಿಪ್ಪು, ದೀಪ, ಪರದೆ, ಗಣಕಯಂತ್ರ.

1935ರಲ್ಲಿ ಬಾಗಿಲು ತೆರೆದ ಪುಟ್ಟಣ್ಣಚೆಟ್ಟಿ ಪುರಭವನದ ಬಿಳಿಯ ಕಂಬಗಳನ್ನು ಹಿಂದೆ ಬಿಟ್ಟು ಪೇಟೆಯ ಕಡೆಗೆ ನಡೆದರೆ ಈ ಬೀದಿ ಸಿಕ್ಕುತ್ತದೆ. ಅಗಲ ಹೆಚ್ಚಿಲ್ಲ; ಆಕಾಶವೂ ಹೆಚ್ಚಿಲ್ಲ. ತಲೆಯ ಮೇಲೆ ತಂತಿಗಳ ಜಾಲ, ತಂತಿಗಳ ಮೇಲೆ ನಾಮಫಲಕಗಳ ಸಾಲು, ಅವುಗಳ ನಡುವಿನ ಬಿರುಕಿನಲ್ಲಿ ಒಂದು ಗೇಣು ನೀಲಿ. ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತ ಕೂಲಿಗಳು ‘ಸೈಡ್, ಸೈಡ್’ ಎನ್ನುತ್ತ ಸ್ಕೂಟರುಗಳ ಸಂದಿಯಲ್ಲಿ ನುಸುಳುತ್ತಾರೆ. ಕನ್ನಡ, ಹಿಂದಿ, ಉರ್ದು, ತಮಿಳು, ತೆಲುಗು ಐದೂ ಒಂದೇ ವ್ಯಾಪಾರದಲ್ಲಿ ಬೆರೆತು, ಕೊನೆಗೆ ಅಂಕಿಯೊಂದರಲ್ಲಿ ಒಂದಾಗುತ್ತವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಚೀಟಿ ಹಿಡಿದು ಐದು ರೂಪಾಯಿಯ ಬಿಡಿಭಾಗಕ್ಕಾಗಿ ಹತ್ತು ಅಂಗಡಿ ಅಲೆಯುತ್ತಾರೆ. ಇಲ್ಲಿಗೆ ತೀರ ಹತ್ತಿರದಲ್ಲಿಯೇ ಧರ್ಮರಾಯಸ್ವಾಮಿಯ ದೇವಸ್ಥಾನ. ಚೈತ್ರದ ಹುಣ್ಣಿಮೆಯ ರಾತ್ರಿ ಅಲ್ಲಿಂದ ಹೊರಡುವ ಕರಗ ಈ ಪೇಟೆಯ ಬೀದಿಗಳಲ್ಲಿಯೇ ಸುತ್ತುತ್ತದೆ. ಮಲ್ಲಿಗೆಯ ಘಮದ ಆ ಒಂದು ರಾತ್ರಿಯನ್ನು ಬಿಟ್ಟರೆ ವರ್ಷವಿಡೀ ಇಲ್ಲಿ ಬೆಸುಗೆಯ ಹೊಗೆಯದೇ ವಾಸನೆ.

2025ರ ನವೆಂಬರ್ ತಿಂಗಳ ಒಂದು ಶನಿವಾರ ಈ ಬೀದಿಗೆ ತುಮಕೂರಿನಿಂದ ತಂದೆ ಮಗ ಇಬ್ಬರು ಬಂದಿಳಿದರು. ತಂದೆಯ ಹೆಗಲ ಮೇಲೆ ಒಂದು ಅಕ್ಕಿಯ ಚೀಲವಿತ್ತು. ಚೀಲದೊಳಗೆ ಹಳೆಯ ದುಪ್ಪಟಿಯಲ್ಲಿ ಸುತ್ತಿದ, ಸುಮಾರು ಒಂಬತ್ತು ಕಿಲೋ ತೂಕದ ಒಂದು ಕಪ್ಪು ಪೆಟ್ಟಿಗೆ.

ಲಾರಿ ಆಫೀಸಿನ ಯಂತ್ರ

ಆ ಪೆಟ್ಟಿಗೆಗೂ ತಂದೆಗೂ ಹತ್ತು ವರ್ಷಕ್ಕೆ ಮೀರಿದ ಪರಿಚಯ. ತುಮಕೂರಿನ ಮಂಡಿಪೇಟೆಯ ಲಾರಿ ಆಫೀಸೊಂದರಲ್ಲಿ ಅವರು ಗುಮಾಸ್ತರು. ತೆಂಗು, ಕೊಬ್ಬರಿ, ಅಡಿಕೆ, ನಾರಿನ ಹಗ್ಗ ಇವು ಯಾವ ಊರಿಂದ ಯಾವ ಊರಿಗೆ, ಎಷ್ಟು ತೂಕ, ಎಂದಿನೊಳಗೆ ತಲುಪಬೇಕು ಎಂಬುದನ್ನೆಲ್ಲ ಆ ಯಂತ್ರದಲ್ಲಿ ಬರೆದು ರಸೀದಿ ಮುದ್ರಿಸುವುದು ಅವರ ಕೆಲಸ. ಯಂತ್ರ 2012ರ ಡೆಲ್ ಆಪ್ಟಿಪ್ಲೆಕ್ಸ್ 7010. ಒಳಗಿನ ಮಿದುಳು ಅದೇ ವರ್ಷದ ಇಂಟೆಲ್ ಐ5-3470, ನಾಲ್ಕು ಕೋರಿನದು. ಅದು ಕೆಟ್ಟಿರಲಿಲ್ಲ. ಆದರೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು; ವಿಂಡೋಸ್ 11 ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಳೆಯ ಸಾಮಾನ್ಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಇದು ಮೂರನೆಯ ತಲೆಮಾರಿನದು. ಕೈಕಾಲು ಗಟ್ಟಿಯಿದ್ದರೂ ವಯಸ್ಸು ದಾಟಿದವನಿಗೆ ನಿವೃತ್ತಿಯ ಪತ್ರ ಬರುವಂತೆ ಯಂತ್ರಕ್ಕೂ ಬಂದಿತು. ಮಾಲೀಕರು ಗುಜರಿಗೆ ಕೊಡಲು ಹೊರಟಾಗ ಗುಮಾಸ್ತರು ಸಾವಿರ ರೂಪಾಯಿ ಕೊಟ್ಟು, ಹದಿನೆಂಟೂವರೆ ಅಂಗುಲದ ಮಾನಿಟರಿನ ಸಮೇತ ಮನೆಗೆ ತಂದರು.

ತಂದದ್ದು ಕಿರಿಯ ಮಗನಿಗಾಗಿ. ಹಿರಿಯವನು ಪುಣೆಯ ಬಳಿ ಮೋಟಾರು ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದಾನೆ. ಅಣ್ಣತಮ್ಮಂದಿರಿಬ್ಬರೂ ಮೊದಲು ಒಂದೇ ಕೋಣೆಯಲ್ಲಿ ಮಲಗಿ ನಡುರಾತ್ರಿಯವರೆಗೆ ಹರಟುತ್ತಿದ್ದವರು. ದೂರವಾದ ಮೇಲೆ ದೂರವಾಣಿಯಲ್ಲಿ ‘ಚೆನ್ನಾಗಿದ್ದೀಯಾ’, ‘ಹೂಂ’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಆ ವರ್ಷ ದೀಪಾವಳಿಗೆ ಅಣ್ಣನಿಗೆ ರಜ ಸಿಕ್ಕಲಿಲ್ಲ. ಅವನ ಬದಲು ಎಂಟು ಸಾವಿರ ರೂಪಾಯಿ ಬಂದಿತು. ಜೊತೆಗೆ ಒಂದು ಸಂದೇಶ: ‘ಅಪ್ಪನ ಕಂಪ್ಯೂಟರನ್ನು ಆಟಕ್ಕೆ ಸರಿಮಾಡಿಸಿಕೋ. ಭಾನುವಾರ ರಾತ್ರಿ ಇಬ್ಬರೂ ಲಾರಿ ಓಡಿಸೋಣ.’

ಅವನು ಹೇಳಿದ ಆಟದ ಹೆಸರು ಯೂರೋ ಟ್ರಕ್ ಸಿಮ್ಯುಲೇಟರ್ 2. ಚೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಸಂಸ್ಥೆ ಅದನ್ನು ಹೊರತಂದದ್ದೂ 2012ರಲ್ಲಿಯೇ. ಗುಂಡಿಲ್ಲ, ಕೊಲೆಯಿಲ್ಲ, ಯೂರೋಪಿನ ಹೆದ್ದಾರಿಗಳಲ್ಲಿ ಸರಕು ತುಂಬಿಕೊಂಡು ಊರಿಂದೂರಿಗೆ ತಲುಪಿಸುವುದಷ್ಟೆ ಆಟ. 2021ರಿಂದ ಅದರಲ್ಲಿ ಹಲವರು ಒಟ್ಟಾಗಿ ಸಾಲುಲಾರಿ ಓಡಿಸುವ ಏರ್ಪಾಟೂ ಬಂದಿದೆ. ಹೀಗೆ ಲಾರಿಯ ರಸೀದಿ ಬರೆದ ಯಂತ್ರ ಇನ್ನು ಲಾರಿಯನ್ನೇ ಓಡಿಸಬೇಕಾಗಿತ್ತು.

ಬೆಳಗಿನ ರೈಲು ಬೆಂಗಳೂರು ಮುಟ್ಟಿದ ಮೇಲೆ ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಮೆಟ್ರೋದಲ್ಲಿ ಒಂದೇ ನಿಲ್ದಾಣ. ಅಲ್ಲಿಂದ ಪೂರ್ವಕ್ಕೆ ನಡೆದು, ಹಳೆಯ ದೊಡ್ಡಪೇಟೆಯಾದ ಅವೆನ್ಯೂ ರಸ್ತೆಯನ್ನು ದಾಟಿ, ನಗರ್ತಪೇಟೆಯ ಓಣಿಗಳ ಮೂಲಕ ಅವರು ಎಸ್.ಪಿ. ರಸ್ತೆ ಸೇರಿದರು. ದಾರಿಯಲ್ಲಿ ಒಂದು ಬೈ-ಟು ಕಾಫಿಯಾಯಿತು. ಮಗನ ಜೇಬಿನಲ್ಲಿ ಅಣ್ಣನ ಕೈಯಲ್ಲಿ ಬರೆಸಿಕೊಂಡಂತೆ ಬರೆದುಕೊಂಡ ಒಂದು ಪಟ್ಟಿಯಿತ್ತು. ತಂದೆಯ ಒಳಜೇಬಿನಲ್ಲಿ ಎಂಟು ಸಾವಿರ. ಫೋನಿನಲ್ಲಿ ಹಣ ಕಳುಹಿಸುವ ಕಾಲವಾದರೂ, ಬ್ಯಾಂಕಿನಿಂದ ಬಿಡಿಸಿ ನೋಟು ಎಣಿಸಿಕೊಂಡು ಹೊರಡದಿದ್ದರೆ ಗುಮಾಸ್ತರಿಗೆ ಅದು ಖರ್ಚೆಂದು ಅನ್ನಿಸದು.

ಅಳತೆಯ ಪ್ರಶ್ನೆ

ಆಟಕ್ಕೂ ಆಫೀಸಿಗೂ ಏನು ವ್ಯತ್ಯಾಸ? ರಸೀದಿ ಬರೆಯುವಾಗ ಪರದೆಯ ಮೇಲಿನ ಚಿತ್ರ ಹೆಚ್ಚು ಕಡಿಮೆ ನಿಂತೇ ಇರುತ್ತದೆ. ಆಟದಲ್ಲಿ ಅದು ಕ್ಷಣಕ್ಷಣಕ್ಕೂ ಹೊಸದಾಗಿ ಹುಟ್ಟಬೇಕು. ಆ ಹಳೆಯ ಮಾನಿಟರಿನ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768, ಒಟ್ಟು 10,49,088 ಚುಕ್ಕೆಗಳು. ಕಣ್ಣಿಗೆ ಓಟ ನುಣುಪಾಗಿ ಕಾಣಬೇಕಾದರೆ ಸೆಕೆಂಡಿಗೆ ಅರವತ್ತು ಸಲ ಇಡೀ ಚಿತ್ರವನ್ನು ಬಿಡಿಸಬೇಕು. ಎಂದರೆ ಸೆಕೆಂಡಿಗೆ ಆರು ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕು. ಪ್ರೊಸೆಸರಿನ ಒಳಗೇ ಇರುವ ಇಂಟೆಲ್ ಎಚ್‌ಡಿ 2500 ಎಂಬ ಪುಟ್ಟ ಚಿತ್ರಗಾರ ಈ ಭಾರ ಹೊರಲಾರ. ಅದಕ್ಕಾಗಿಯೇ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕು.

ಆದರೆ ಕಾರ್ಡು ದೊಡ್ಡದಾದಷ್ಟೂ ಒಳ್ಳೆಯದೆಂದು ಭಾವಿಸಿದವನು ಈ ಬೀದಿಯಲ್ಲಿ ಹಣ ಕಳೆದುಕೊಳ್ಳುತ್ತಾನೆ. ಆಫೀಸಿನ ಯಂತ್ರಗಳನ್ನು ಕಟ್ಟುವವರು ಅವುಗಳಿಗೆ ಬೇಕಾದಷ್ಟೇ ಅನ್ನ ಇಡುತ್ತಾರೆ. ಈ ಪೆಟ್ಟಿಗೆಗೆ ವಿದ್ಯುತ್ತು ಬಡಿಸುವ ಎಸ್.ಎಂ.ಪಿ.ಎಸ್.ನ ಶಕ್ತಿ 275 ವಾಟ್. ಪ್ರೊಸೆಸರಿಗೆ 77 ವಾಟ್‌ವರೆಗೆ ಬೇಕು. ಮದರ್‌ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಬೇರೆ. ಕಾರ್ಡು ಕೂರಿಸುವ ಸಂದಿಯೊಳಗಿಂದ ಹೆಚ್ಚೆಂದರೆ 75 ವಾಟ್ ದೊರೆಯುತ್ತದೆ. ಅದಕ್ಕೂ ಹೆಚ್ಚು ಬೇಡುವ ಕಾರ್ಡಿಗೆ ಎಸ್.ಎಂ.ಪಿ.ಎಸ್.ನಿಂದ ಪ್ರತ್ಯೇಕವಾದ ಆರು ಸೂಜಿಯ ತಂತಿ ಬರಬೇಕು. ಈ ಪೆಟ್ಟಿಗೆಯಲ್ಲಿ ಆ ತಂತಿಯಿಲ್ಲ.

ಮೊದಲನೆಯ ಅಂಗಡಿಯಲ್ಲಿ ಎದುರಾದದ್ದು ಇದೇ ಆಮಿಷ. “ಬನ್ನಿ ಸಾರ್, ಬೋಣಿ ಟೈಮು” ಎಂದು ಕರೆದ ಹುಡುಗ ಗಾಜಿನ ಕಪಾಟಿನಿಂದ ಎರಡು ಫ್ಯಾನಿನ ಜಿಟಿಎಕ್ಸ್ 1060 ಕಾರ್ಡೊಂದನ್ನು ತೆಗೆದಿಟ್ಟ. ಬೆಲೆ ಐದೂವರೆ ಸಾವಿರ. ಪಟ್ಟಿಯಲ್ಲಿದ್ದುದಕ್ಕಿಂತ ಬಹಳ ಮೇಲಾದದ್ದು! ಮಗನ ಕಣ್ಣು ಅರಳಿತು. ಆ ಕಾರ್ಡಿಗೆ 120 ವಾಟ್ ಬೇಕು, ಆರು ಸೂಜಿಯ ತಂತಿ ಬೇಕು ಎಂಬುದು ಅವನಿಗೂ ಗೊತ್ತು.

“ಅದಕ್ಕೇನು ಸಾರ್, ಕನ್ವರ್ಟರ್ ಹಾಕೋಣ. ಹಾರ್ಡ್‌ಡಿಸ್ಕಿನ ಪವರ್‌ನಲ್ಲೇ ಓಡತ್ತೆ. ನೂರು ರೂಪಾಯಿ” ಎಂದ ಹುಡುಗ.

ಡಿಸ್ಕಿಗೆಂದು ಮಾಡಿದ ಆ ಸಪೂರ ಸಾಟಾ ತಂತಿಯ ಕೊಂಡಿ ಹನ್ನೆರಡು ವೋಲ್ಟಿನಲ್ಲಿ 54 ವಾಟ್ ಹೊರಲು ಲೆಕ್ಕಹಾಕಿ ಮಾಡಿದ್ದು. ಆರು ಸೂಜಿಯ ಕೊಂಡಿಯ ಲೆಕ್ಕ 75. ಹೆಚ್ಚಿನ ಪ್ರವಾಹ ಹರಿದಾಗ ಕೊಂಡಿ ಬಿಸಿಯಾಗಿ ಕರಗಿದ ಪ್ರಸಂಗಗಳು ಆಟಗಾರರ ವಲಯದಲ್ಲಿ ಹೊಸವಲ್ಲ. ಗುಮಾಸ್ತರಿಗೆ ವಾಟಿನ ಶಾಸ್ತ್ರ ತಿಳಿಯದು. ಆದರೂ ಮಗ ಅಂಕಿಗಳನ್ನು ಹೇಳಿದ ಕೂಡಲೇ ಅವರಿಗೆ ಅರ್ಥವಾಯಿತು.

“ಹತ್ತು ಟನ್ನಿನ ಲಾರೀಗೆ ಹದಿನಾಲ್ಕು ಟನ್ ಹೇರೋದು ಅನ್ನು. ನಡಿಯಪ್ಪ, ಮುಂದೆ ಹೋಗೋಣ.”

ಸುಲಭವಾಗಿ ಹೊಂದಿದ ಸುಳ್ಳು

ಎರಡು ಮೂರು ಅಂಗಡಿಗಳು ಕಳೆದವು. ಒಂದು ಕಡೆ ಬೆಲೆ ಹೆಚ್ಚು. ಇನ್ನೊಂದು ಕಡೆ ಸರಕಿಲ್ಲ. ಬಿಸಿಲು ಏರಿತು, ಹೆಗಲಿನ ಚೀಲ ಭಾರವಾಯಿತು. ಆಗ ಓಣಿಯ ತಿರುವಿನ ಒಂದು ಕಿರುಮಳಿಗೆಯಲ್ಲಿ ಪಟ್ಟಿಯಲ್ಲಿದ್ದ ವಸ್ತುವೇ ಕಾಣಿಸಿತು: ಜಿಟಿಎಕ್ಸ್ 1050 ಟಿಐ, ನಾಲ್ಕು ಜಿಬಿ. ನ್ವಿಡಿಯಾ ಸಂಸ್ಥೆ 2016ರಲ್ಲಿ ಹೊರತಂದ ಈ ಕಾರ್ಡು 75 ವಾಟಿನೊಳಗೆ ಸಂಸಾರ ತೂಗಿಸುತ್ತದೆ. ಬಹುಪಾಲು ಮಾದರಿಗಳಿಗೆ ಬೇರೆ ತಂತಿಯೇ ಬೇಡ. ಹಳೆಯ ಆಫೀಸು ಯಂತ್ರಗಳಿಗೆ ಹೇಳಿಮಾಡಿಸಿದ ಜೋಡಿಯೆಂದು ಹೆಸರಾದದ್ದು. ಬೆಲೆ ಎರಡು ಸಾವಿರದ ಎಂಟುನೂರು ಮಾತ್ರ. ಹೊಸದರಂತೆ ಹೊಳೆಯುವ ಡಬ್ಬಿ.

ಗುಮಾಸ್ತರು ಕಾರ್ಡನ್ನು ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಮೂರು ಕಿಂಡಿಗಳು. ಅವುಗಳಲ್ಲೊಂದು ಹದಿನೈದು ತೂತಿನ, ನೀಲಿ ಬಣ್ಣದ, ಅವರು ಹತ್ತು ವರ್ಷ ದಿನವೂ ಕಂಡಿದ್ದ ವಿಜಿಎ ಕಿಂಡಿ.

“ನೋಡೋ, ನಮ್ಮ ಮಾನಿಟರಿನ ಪಿನ್ನಿಗೆ ಸರಿಯಾಗಿದೆ! ಬೇರೆ ಏನೂ ತಗೋಬೇಕಾಗಿಲ್ಲ.”

ಅವರ ಕೈ ಒಳಜೇಬಿಗೆ ಹೋಯಿತು. ಮಗ ಮಾತಾಡಲಿಲ್ಲ. ಆ ನೀಲಿ ಕಿಂಡಿಯನ್ನೇ ನೋಡುತ್ತಿದ್ದ. ಅಣ್ಣ ಹೇಳಿದ್ದ ಏನೋ ಒಂದು ಮಾತು ನೆನಪಿನ ಅಂಚಿನಲ್ಲಿತ್ತು. ಪುಣೆಗೆ ಕರೆಮಾಡಿದ, ಗಂಟೆ ಹೊಡೆದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಅಣ್ಣನದು ಹಗಲಿನ ಪಾಳಿ. ಅಂಗಡಿಯವನು ಬಿಲ್ಲಿನ ಪುಸ್ತಕ ತೆಗೆದ. ನೋಟುಗಳು ಅರ್ಧ ಹೊರಬಂದಿದ್ದವು.

“ಬೇಡಪ್ಪ” ಎಂದ ಮಗ.

“ಯಾಕೋ? ಇದೇ ತಾನೆ ನಿನ್ನ ಪಟ್ಟಿಯಲ್ಲಿರೋದು?”

“ಹೆಸರು ಅದೇ. ಆದರೆ ಇದರಲ್ಲಿ ವಿಜಿಎ ಇರಬಾರದಪ್ಪ.”

ಹುಡುಗನ ನೆನಪು ಸರಿಯಾಗಿತ್ತು. ಪ್ಯಾಸ್ಕಲ್ ಎಂಬ ತಲೆಮಾರಿಗೆ ಸೇರಿದ 1050 ಟಿಐ ಚಿಪ್ಪು ಹಳೆಯ ಅನಲಾಗ್ ಸಂಕೇತವನ್ನು ತಾನಾಗಿ ಹೊರಡಿಸುವುದೇ ಇಲ್ಲ. ಅದರ ಕಾರ್ಡುಗಳಿಗೆ ಸಾಮಾನ್ಯವಾಗಿ ಡಿವಿಐ, ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಕಿಂಡಿಗಳು ಮಾತ್ರ. ಹದಿನೈದು ವರ್ಷದಷ್ಟು ಹಳೆಯ, ಬಡ ಚಿಪ್ಪಿನ ಕಾರ್ಡುಗಳನ್ನು ತೊಳೆದು ಹೊಳಪಿಸಿ, ಅವುಗಳ ಒಳಗಿನ ಬರಹವನ್ನು ತಿದ್ದಿ, ಕಂಪ್ಯೂಟರ್ ಕೇಳಿದಾಗ ‘ನಾನು 1050 ಟಿಐ’ ಎಂದು ಸುಳ್ಳು ಹೇಳುವಂತೆ ಮಾಡಿ ಮಾರುವ ದಂಧೆ ಜಗತ್ತಿನ ಹಲವು ಮಾರುಕಟ್ಟೆಗಳಲ್ಲಿ ನಡೆದಿದೆ. ಆ ಹಳೆಯ ಕಾರ್ಡುಗಳಿಗೆ ವಿಜಿಎ ಕಿಂಡಿ ಸಹಜ. ಸುಳ್ಳು ಹಳೆಯ ಮಾನಿಟರಿಗೆ ನೇರವಾಗಿ ಹೊಂದಿಕೊಂಡುಬಿಡುತ್ತದೆ. ನಿಜಕ್ಕೇ ನಡುವೆ ಒಂದು ಕೊಂಡಿ ಬೇಕಾಗುತ್ತದೆ.

ಗುಮಾಸ್ತರು ನೋಟುಗಳನ್ನು ಒಳಗಿಟ್ಟುಕೊಂಡರು. ಅಂಗಡಿಯವನು ಗೊಣಗಿದ. ಬೀದಿಗೆ ಬಂದ ಮೇಲೂ ತಂದೆಗೆ ಮಗನ ಮಾತಿನಲ್ಲಿ ಪೂರ್ತಿ ನಂಬಿಕೆ ಬಂದಿರಲಿಲ್ಲ. ಮಗನಿಗೂ ತನ್ನ ಮಾತಿನಲ್ಲಿ ಪೂರ್ತಿ ನಂಬಿಕೆಯಿರಲಿಲ್ಲ. ಅಗ್ಗದಲ್ಲಿ ಸಿಕ್ಕಿದ್ದನ್ನು ಕೈಬಿಟ್ಟೆನೇನೋ ಎಂಬ ಅಳುಕಿನಲ್ಲಿ ಅವನು ಅಪ್ಪನ ಹೆಗಲಿನ ಚೀಲವನ್ನು ತಾನೇ ಎತ್ತಿಕೊಂಡ.

ಮಹಡಿಯ ದುರಸ್ತಿಗಾರ

ಎಸ್.ಪಿ. ರಸ್ತೆಯ ನಿಜವಾದ ಬೀದಿ ನೆಲದ ಮೇಲಿಲ್ಲ, ಮಹಡಿಗಳಲ್ಲಿದೆ. ಎರಡು ಅಂಗಡಿಗಳ ನಡುವೆ ಒಬ್ಬನೇ ಹತ್ತಬಹುದಾದ ಮೆಟ್ಟಿಲು. ಮೇಲೆ ಒಂದರ ಪಕ್ಕಕ್ಕೊಂದು ಗೂಡುಗಳು. ಕೆಳಗೆ ಮಾರಾಟ, ಮೇಲೆ ದುರಸ್ತಿ. ಅಂಥ ಒಂದು ಗೂಡಿನಲ್ಲಿ ಅರವತ್ತರ ಸಮೀಪದ ಒಬ್ಬರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬೆಸುಗೆ ಹಾಕುತ್ತಿದ್ದರು. ಗೋಡೆಯ ಮೊಳೆಯೊಂದಕ್ಕೆ ದಾರ ಕಟ್ಟಿ ಒಂದು ಗ್ರಾಫಿಕ್ಸ್ ಕಾರ್ಡನ್ನು ತೂಗುಹಾಕಿದ್ದರು. ಅದರಲ್ಲಿಯೂ ನೀಲಿಯ ವಿಜಿಎ ಕಿಂಡಿ.

ಹುಡುಗ ಅದನ್ನೇ ನೋಡುತ್ತಿರುವುದನ್ನು ಕಂಡು ಅವರು ನಕ್ಕರು.

“ಅದು ನಮ್ಮ ದೃಷ್ಟಿಬೊಂಬೆ ತಮ್ಮ. ಇಷ್ಟು ವರ್ಷದ ಅನುಭವ ಇರೋ ನಾನೇ ಒಂದ್ಸಲ 1050 ಟಿಐ ಅಂತ ತಗೊಂಡು ಮೋಸ ಹೋದೆ. ಕಣ್ಣೆದುರಿಗಿರಲಿ ಅಂತ ಹಾಕಿದ್ದೀನಿ.”

ತಂದೆ ಮಗನ ಮುಖ ನೋಡಿದರು. ಏನೂ ಹೇಳಲಿಲ್ಲ, ಅವನ ಕೈಯಿಂದ ಚೀಲವನ್ನು ತೆಗೆದುಕೊಂಡು ತಾವೇ ಬಿಚ್ಚಿದರು.

ಪೆಟ್ಟಿಗೆಯ ಪಕ್ಕದ ಬಾಗಿಲು ತೆರೆಯಿತು. ಒಳಗೆ ಮಂಡಿಪೇಟೆಯೇ ಇತ್ತು: ಹತ್ತು ವರ್ಷದ ಕೆಮ್ಮಣ್ಣು, ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡ ತೆಂಗಿನ ನಾರು. ದುರಸ್ತಿಗಾರರು ಕುಂಚದಿಂದ ಕೊಡವಿ, ಗಾಳಿ ಊದುವ ಯಂತ್ರದಿಂದ ಊದಿದರು. ಪ್ರೊಸೆಸರಿನ ಮೇಲೆ ಒಣಗಿ ಬಿರಿದಿದ್ದ ಹಳೆಯ ಲೇಪವನ್ನು ಒರೆಸಿ ಶಾಖವನ್ನು ಸಾಗಿಸುವ ಹೊಸ ಲೇಪ ಬಳಿದರು. ನಾಣ್ಯದಂಥ ಮೂರು ವೋಲ್ಟಿನ ಬ್ಯಾಟರಿಯನ್ನು ಬದಲಾಯಿಸಿದರು. ಅದು ಸತ್ತಿದ್ದುದರಿಂದಲೇ ಯಂತ್ರದ ಗಡಿಯಾರ ಆರಿಸಿದಾಗಲೆಲ್ಲ ಹಳೆಯ ಯಾವುದೋ ತಾರೀಕಿಗೆ ಓಡಿಹೋಗುತ್ತಿತ್ತು. ಆ ತಪ್ಪು ತಾರೀಕಿನ ರಸೀದಿಗಳಿಗಾಗಿ ತಾವು ಕೇಳಿದ ಬೈಗುಳ ಗುಮಾಸ್ತರಿಗೆ ನೆನಪಾಯಿತು.

“ಮೂವತ್ತು ರೂಪಾಯಿ ಬ್ಯಾಟರಿಯಾ ಸ್ವಾಮಿ, ಇದು?”

“ಮೂವತ್ತೇ ಯಜಮಾನ್ರೇ.”

ಇದ್ದದ್ದು ನಾಲ್ಕು ಜಿಬಿಯ ಒಂದೇ ರ್‍ಯಾಮ್ ಪಟ್ಟಿ. ಅದರ ಜೊತೆಗೆ ಅಂಥದೇ ಇನ್ನೊಂದು ಹಳೆಯ ಪಟ್ಟಿ ಕೂರಿಸಿದರು. ಇದರಿಂದ ಜಾಗ ಇಮ್ಮಡಿಯಾಗುವುದಷ್ಟೇ ಅಲ್ಲ; ಒಂದೇ ಹಾದಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿಬಿ ಓಡಾಡುತ್ತಿದ್ದ ಮಾಹಿತಿಗೆ ಎರಡು ಹಾದಿ ತೆರೆದು 25.6 ಆಗುತ್ತದೆ. ಸರ್ವರುಗಳಿಂದ ಬಿಚ್ಚಿದ ರ್‍ಯಾಮ್ ಪಟ್ಟಿಗಳೂ ನೋಡಲು ಹೀಗೆಯೇ ಇದ್ದು ಅಗ್ಗವಾಗಿ ದೊರೆಯುತ್ತವೆ. ಅವುಗಳಲ್ಲಿ ಹೆಚ್ಚಿನವು ಈ ಬೋರ್ಡಿನಲ್ಲಿ ನಡೆಯವು. ಗಿರಿಗಿರಿ ತಿರುಗುವ 500 ಜಿಬಿಯ ಹಳೆಯ ಡಿಸ್ಕನ್ನು ತೆಗೆಯದೆ, ಅದರ ಪಕ್ಕದಲ್ಲಿ 256 ಜಿಬಿಯ ಎಸ್‌ಎಸ್‌ಡಿ ಸೇರಿಸಿದರು. ಹಳೆಯ ಡಿಸ್ಕು ಸೆಕೆಂಡಿಗೆ ನೂರು ನೂರೈವತ್ತು ಎಂಬಿ ಓದಿದರೆ ಇದು ಐನೂರಕ್ಕೂ ಮೇಲೆ ಓದಬಲ್ಲದು. ತಿರುಗುವ ಅಂಗವೇ ಇಲ್ಲದ್ದರಿಂದ ಹುಡುಕಾಟದ ವಿಳಂಬವೂ ಇಲ್ಲ.

ಕೊನೆಗೆ ಕಾರ್ಡು. ದುರಸ್ತಿಗಾರರು ಎರಡನ್ನು ಮುಂದಿಟ್ಟರು.

“ಇದು 1650. ಆರೂವರೆ ಸಾವಿರ. ಇದು 1050 ಟಿಐ, ಐದು ಸಾವಿರ. ಮುಚ್ಚುಮರೆ ಇಲ್ಲದೆ ಹೇಳ್ತೀನಿ, ಐವತ್ತಕ್ಕೆ ಕಂಪನಿಯವರು ಹೊಸ ಆಟಗಳ ಡ್ರೈವರ್ ಕೊಡೋದು ನಿಲ್ಲಿಸಿದಾರೆ. ದುಡ್ಡಿದ್ರೆ 1650 ತಗೊಳ್ಳಿ.”

ಆ ಮಾತು ನಿಜ. ಪ್ಯಾಸ್ಕಲ್ ತಲೆಮಾರಿನ ಕಾರ್ಡುಗಳಿಗೆ ಹೊಸ ಆಟಗಳನ್ನು ಗಮನದಲ್ಲಿಟ್ಟು ಬಿಡುಗಡೆ ಮಾಡುವ ವಿಂಡೋಸ್ ಡ್ರೈವರುಗಳನ್ನು ನ್ವಿಡಿಯಾ 2025ರ ಅಕ್ಟೋಬರಿಗೆ ಮುಗಿಸಿದೆ. 2028ರ ಅಕ್ಟೋಬರಿನವರೆಗೆ ಮೂರು ತಿಂಗಳಿಗೊಮ್ಮೆ ಭದ್ರತೆಯ ತಿದ್ದುಪಡಿಗಳು ಮಾತ್ರ ಬರುತ್ತವೆಂದು ತಿಳಿಸಿದೆ. 2019ರಲ್ಲಿ ಬಂದ 1650 ಅದರ ಮುಂದಿನ ತಲೆಮಾರಿನದು.

ಗುಮಾಸ್ತರು ಜೇಬಿನಿಂದ ಪೆನ್ನು ತೆಗೆದು ಮಗನ ಪಟ್ಟಿಯ ಹಿಂಬದಿಯಲ್ಲಿ ಲೆಕ್ಕ ಬರೆದರು. ಎಸ್‌ಎಸ್‌ಡಿ 1,800. ರ್‍ಯಾಮ್ 450. ಬ್ಯಾಟರಿ 30. ಲೇಪ, ಶುಚಿ ಸೇರಿ 150. ಕಾರ್ಡಿನಿಂದ ಹಳೆಯ ಮಾನಿಟರಿಗೆ ಎಚ್‌ಡಿಎಂಐನಿಂದ ವಿಜಿಎಗೆ ತಿರುಗಿಸುವ ಕೊಂಡಿ 300. ಒಟ್ಟು 2,730. ಉಳಿಯುವುದು 5,270. ಅವರು ಒಂದು ಕ್ಷಣ ಪೆನ್ನು ಹಿಡಿದು ಸುಮ್ಮನೆ ಕುಳಿತರು. ಮೇಲಿನ ಸಾವಿರದ ಇನ್ನೂರ ಮೂವತ್ತನ್ನು ತಮ್ಮ ಜೇಬಿನಿಂದ ಹಾಕಬಹುದೇ ಎಂದು ಯೋಚಿಸುತ್ತಿದ್ದರೆಂಬುದು ಮುಖದಲ್ಲಿಯೇ ಕಾಣುತ್ತಿತ್ತು. ತಿಂಗಳ ಕೊನೆಯ ವಾರ.

“ಬೇಡಪ್ಪ” ಎಂದ ಮಗ, ಅಂದು ಎರಡನೆಯ ಸಲ. “ನಾವು ಆಡೋ ಆಟಾನೂ ಹಳೇದೇ. ಪರದೇನೂ ಚಿಕ್ಕದು. 1050ಏ ಸಾಕು.”

ಅದು ತಂದೆಯ ಜೇಬನ್ನು ಕಂಡು ಆಡಿದ ಮಾತೇ ಆದರೂ ಸುಳ್ಳಲ್ಲ. ದೊಡ್ಡ ಪರದೆಯ 1920ಕ್ಕೆ 1080ರ ಲೆಕ್ಕದಲ್ಲಿ ಬಿಡಿಸಬೇಕಾದ ಚುಕ್ಕೆಗಳು 20,73,600. ಈ ಹಳೆಯ ಪರದೆಯಲ್ಲಿ ಅದರ ಅರ್ಧದಷ್ಟು ಮಾತ್ರ. ಮಾನಿಟರಿನ ಬಡತನ ಕಾರ್ಡಿನ ಪಾಲಿಗೆ ಉಪಕಾರವಾಗುತ್ತದೆ.

ಚೌಕಾಶಿ ನಡೆದು ಕಾರ್ಡಿನ ಬೆಲೆ 4,700ಕ್ಕೆ ಇಳಿಯಿತು. ಹದಿನೈದು ದಿನದ ಟೆಸ್ಟಿಂಗ್ ವಾರಂಟಿ, ಕೈಬರಹದ ಬಿಲ್ಲು. ಹಣ ಕೊಡುವ ಮುನ್ನ ಅವರದೇ ಯಂತ್ರದಲ್ಲಿ ಕಾರ್ಡು ಕೂರಿಸಿ, ಜಿಪಿಯು-ಝಡ್ ಎಂಬ ತಂತ್ರಾಂಶ ತೆರೆದರು. ನಕಲಿ ಕಾರ್ಡುಗಳನ್ನು ಗುರುತಿಸುವ ಗುಣ ಅದಕ್ಕೆ 2018ರಲ್ಲಿ ಬಂದಿದೆ. ಸುಳ್ಳು ಚಿಪ್ಪಿದ್ದರೆ ಹೆಸರಿನ ಮುಂದೆಯೇ ಅದನ್ನು ಸಾರುತ್ತದೆ. ಇಲ್ಲಿ ಅಂಥದೇನೂ ಕಾಣಲಿಲ್ಲ. ಆಮೇಲೆ ಇಪ್ಪತ್ತು ನಿಮಿಷ ಕಾರ್ಡನ್ನು ಪೂರ್ತಿ ದುಡಿಸಿ ನೋಡಿದರು. ಶಾಖ 68 ಡಿಗ್ರಿಗೆ ಏರಿ ಅಲ್ಲಿಯೇ ನಿಂತಿತು. ಅಷ್ಟೂ ಹೊತ್ತು ಗುಮಾಸ್ತರು ಆ ಅಂಕಿಯ ಮೇಲಿಂದ ಕಣ್ಣು ತೆಗೆಯಲಿಲ್ಲ.

ಖರ್ಚು 7,430. ಉಳಿಕೆ 570. ಗುಮಾಸ್ತರು ಆ ಉಳಿಕೆಯನ್ನೂ ಪಟ್ಟಿಯ ಕೆಳಗೆ ಬರೆದು, ಅಡಿಗೆರೆ ಎಳೆದು, ಸಹಿ ಹಾಕಿ ಮಗನಿಗೆ ಕೊಟ್ಟರು. “ನಿಮ್ಮಣ್ಣಂಗೆ ಕಳಿಸು. ಅವನ ದುಡ್ಡು. ಲೆಕ್ಕ ಗೊತ್ತಾಗಬೇಕು.”

ಸಂಜೆಯ ಹೊತ್ತಿಗೆ ಎಸ್.ಪಿ. ರಸ್ತೆಯ ಬೆಳಕೇ ಬೇರೆ. ಮಾದರಿಗೆಂದು ಹೊತ್ತಿಸಿದ ಬಣ್ಣದ ದೀಪಗಳು ಕತ್ತಲಾಗುತ್ತ ಬಂದಂತೆ ಬೀದಿಯ ದೀಪಗಳೇ ಆಗಿಬಿಡುತ್ತವೆ. ಹೊಸದನ್ನು ಕೊಳ್ಳುವವರಿಗೆ ದೊಡ್ಡ ಮಳಿಗೆಗಳು ನಗರದ ತುಂಬ ಇವೆ. ಮನೆಯ ಬಾಗಿಲಿಗೇ ತಂದುಕೊಡುವವರೂ ಇದ್ದಾರೆ. ಆದರೆ ಹಳೆಯದನ್ನು ಬಿಚ್ಚಿ ನೋಡಿ, ಇದರಲ್ಲಿ ಇಷ್ಟು ಉಳಿದಿದೆ, ಇಷ್ಟನ್ನು ಸೇರಿಸಿದರೆ ಇಷ್ಟು ವರ್ಷ ನಡೆಯುತ್ತದೆ ಎಂದು ಹೇಳುವ ಜನರಿಗಾಗಿ ಈ ಮೆಟ್ಟಿಲುಗಳನ್ನೇ ಹತ್ತಬೇಕು. ಮೋಸ ಮಾಡುವವನೂ ಮೋಸವನ್ನು ಮೊಳೆಗೆ ತೂಗುಹಾಕಿದವನೂ ಒಂದೇ ಬೀದಿಯ ನಿವಾಸಿಗಳು. ಕೊಳ್ಳಬಂದವನು ಕಣ್ಣು ತೆರೆದಿರಬೇಕು, ಅಷ್ಟೆ.

ಮರುದಿನ ಭಾನುವಾರ. ಮಗ ಹಗಲೆಲ್ಲ ಕುಳಿತು ವಿಂಡೋಸಿನ ಬದಲು ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಯಂತ್ರಕ್ಕೆ ಹಾಕಿದ. ಆ ಲಾರಿಯ ಆಟ ಲಿನಕ್ಸಿನಲ್ಲಿಯೂ ನೇರವಾಗಿ ಓಡುವಂತೆ ಅದನ್ನು ಮಾಡಿದವರೇ ಏರ್ಪಡಿಸಿದ್ದಾರೆ. ರಾತ್ರಿ ಒಂಬತ್ತಕ್ಕೆ ಪರದೆಯ ಮೇಲೆ ಪ್ರಾಗ್ ನಗರದ ಸರಕು ಅಂಗಳ ಕಾಣಿಸಿತು. ಮುಂದೆ ಅಣ್ಣನ ಲಾರಿ, ಹಿಂದೆ ತಮ್ಮನದು. ಸರಕಿನ ಪಟ್ಟಿ ತೆರೆಯಿತು: ಮಾಲು, ತೂಕ, ಎಲ್ಲಿಂದ, ಎಲ್ಲಿಗೆ, ಎಂದಿನೊಳಗೆ.

ಊಟ ಮುಗಿಸಿ ಬಂದ ಗುಮಾಸ್ತರು ಮಗನ ಹಿಂದೆ ನಿಂತು ಆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದರು. ಒಂದೊಂದು ಕಲಮೂ ಅವರಿಗೆ ಪರಿಚಿತ.

“ಹದಿನೆಂಟು ಟನ್ನು. ಓವರ್‌ಲೋಡ್ ಅಲ್ಲ ತಾನೆ?”

ಮಗನ ಕಿವಿಯ ಹೆಡ್‌ಫೋನಿನಿಂದ ನಗು ಹೊರಗೆ ಕೇಳಿಸಿತು. ಮಗ ಅದನ್ನು ಕಳಚಿ ತಂದೆಯ ಕಿವಿಗಿಟ್ಟ. ಪರದೆಯಲ್ಲಿ ಎರಡು ಲಾರಿಗಳೂ ದೀಪ ಹೊತ್ತಿಸಿಕೊಂಡು ಗೇಟಿನ ಬಳಿ ನಿಂತಿದ್ದವು.

“ಅಪ್ಪ” ಎಂದಿತು ಪುಣೆಯ ದನಿ. “ಲೆಕ್ಕ ನೋಡಿದೆ. ಸಹಿ ಬೇರೆ ಹಾಕಿದ್ದೀರಿ!”

“ಹಾಕಬೇಕಪ್ಪ” ಎಂದರು ಗುಮಾಸ್ತರು. ಒಂದು ಕ್ಷಣ ಬಿಟ್ಟು ಕೇಳಿದರು: “ಊಟ ಆಯ್ತಾ? ಏನು ಮಾಡ್ಕೊಂಡಿದ್ದೆ?”

ಅಣ್ಣ ಹೇಳತೊಡಗಿದ. ಅವನ ಮಾತು ಮುಗಿಯುವವರೆಗೆ ಲಾರಿಗಳು ಹೊರಡಲಿಲ್ಲ.